ಮೊದಲು ದಿನವಹಿ, ಆಮೇಲೆ ಖಾತೆ

ಲೆಕ್ಕ ಬಲ್ಲ ವರ್ತಕರು ವ್ಯವಹಾರವನ್ನು ನೇರವಾಗಿ ಖಾತೆಗೆ ಏರಿಸುವುದಿಲ್ಲ. ಅಂದಿನ ಕೊಡುಕೊಳ್ಳುವಿಕೆ ಮೊದಲು ದಿನವಹಿಯಲ್ಲಿ ದಾಖಲಾಗಬೇಕು. ಅಲ್ಲಿಂದ ಆಯಾ ಖಾತೆಗೆ ಹೋಗಬೇಕು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಗಣಿತಜ್ಞ ಲೂಕಾ ಪಾಚೋಲಿ ಈ ಪದ್ಧತಿಯನ್ನು ವಿವರಿಸಿದ್ದಾನೆ. ದಿನವಹಿಗೆ ಅಲ್ಲಿನವರ ಹೆಸರು ‘ಜೋರ್ನಾಲೆ’. ಇಂಗ್ಲಿಷಿನ ‘ಜರ್ನಲ್’ ಅದರ ಬಂಧು. ಐದು ಶತಮಾನಗಳ ನಂತರ ಇದೇ ಹೆಸರು, ಇದೇ ಉಪಾಯ ಕಂಪ್ಯೂಟರಿನ ಡಿಸ್ಕಿಗೂ ಬಂದಿದೆ.

ಡಿಸ್ಕಿನಲ್ಲೂ ಲೆಕ್ಕಪತ್ರವಿದೆ. ಯಾವ ಫೈಲು ಎಲ್ಲಿದೆ, ಯಾವ ಜಾಗ ಖಾಲಿ ಎಂಬುದನ್ನು ‘ಫೈಲ್ ಸಿಸ್ಟಂ’ ನೋಡಿಕೊಳ್ಳುತ್ತದೆ. ಒಂದು ಫೈಲನ್ನು ಅಳಿಸುವುದೆಂದರೂ ಒಂದೇ ಕೆಲಸವಲ್ಲ. ಪಟ್ಟಿಯಿಂದ ಹೆಸರು ತೆಗೆಯಬೇಕು, ಅದರ ವಿವರದ ದಾಖಲೆಯನ್ನು ಬಿಡಿಸಬೇಕು, ಅದು ಹಿಡಿದಿದ್ದ ಜಾಗವನ್ನು ಖಾಲಿ ಎಂದು ಗುರುತಿಸಬೇಕು. ನಡುವೆಯೇ ಕರೆಂಟು ಹೋದರೆ? ಹೆಸರಿಲ್ಲ, ಜಾಗ ಮಾತ್ರ ಭರ್ತಿ! ಇನ್ನೂ ಕೆಟ್ಟದ್ದೆಂದರೆ, ಒಂದೇ ಜಾಗಕ್ಕೆ ಎರಡು ಫೈಲುಗಳು ಹಕ್ಕು ಸಾಧಿಸಬಹುದು.

ಲಿನಕ್ಸ್ ಬಳಕೆದಾರರಿಗೆ ಇದು ಚೆನ್ನಾಗಿ ಗೊತ್ತಿದ್ದ ಸಂಕಟ. 1993ರಲ್ಲಿ ಬಂದ ‘ಎಕ್ಸ್‌ಟಿ2’ ಫೈಲ್ ಸಿಸ್ಟಂನಲ್ಲಿ ದಿನವಹಿ ಇರಲಿಲ್ಲ. ಯಂತ್ರ ಹಠಾತ್ತನೆ ನಿಂತರೆ, ಮತ್ತೆ ಚಾಲೂ ಆಗುವಾಗ ಇಡೀ ಡಿಸ್ಕಿನ ಲೆಕ್ಕ ತಾಳೆ ನೋಡಬೇಕಿತ್ತು. ಡಿಸ್ಕ್ ದೊಡ್ಡದಾದಷ್ಟೂ ಕಾಯುವ ಹೊತ್ತು ಹೆಚ್ಚು.

ಡೇಟಾಬೇಸ್‌ಗಳು ಮೊದಲೇ ಬಳಸುತ್ತಿದ್ದ ದಿನವಹಿಯ ಉಪಾಯ ಇಲ್ಲೂ ನೆರವಿಗೆ ಬಂತು. ಮಾಡಲಿರುವ ಬದಲಾವಣೆಯನ್ನೆಲ್ಲ ಡಿಸ್ಕಿನ ಒಂದು ಮೂಲೆಯಲ್ಲಿ ಮೊದಲು ಬರೆದು, ಕೊನೆಗೆ ‘ಪೂರ್ಣ’ ಎಂಬ ಗುರುತು ಹಾಕುವುದು; ಆಮೇಲೆ ನಿಜವಾದ ಸ್ಥಾನಗಳಿಗೆ ಏರಿಸುವುದು. ಯಂತ್ರ ನಿಂತು ಎದ್ದರೆ ಆ ಮೂಲೆಯನ್ನು ಓದಿದರೆ ಸಾಕು. ಗುರುತಿರುವ ವ್ಯವಹಾರವನ್ನು ಮತ್ತೊಮ್ಮೆ ಏರಿಸಲಾಗುತ್ತದೆ, ಗುರುತಿಲ್ಲದ್ದನ್ನು ಬಿಟ್ಟುಬಿಡಲಾಗುತ್ತದೆ. ಅರ್ಧಂಬರ್ಧ ಎಂಬುದೇ ಇಲ್ಲ.

ಎಕ್ಸ್‌ಟಿ2ಕ್ಕೆ ಇದನ್ನು ಜೋಡಿಸುವ ಯೋಜನೆಯನ್ನು ಸ್ಟೀಫನ್ ಟ್ವೀಡಿ 1998ರಲ್ಲಿ ಮುಂದಿಟ್ಟರು. ಅದು ‘ಎಕ್ಸ್‌ಟಿ3’ ಆಗಿ 2001ರಲ್ಲಿ ಲಿನಕ್ಸ್‌ನ ಮೂಲ ಕರ್ನಲ್ ಸೇರಿತು. ಹಳೆಯ ಡಿಸ್ಕನ್ನು ಅಳಿಸದೆಯೇ ದಿನವಹಿ ಸೇರಿಸಬಹುದಾಗಿದ್ದುದು ಅದರ ದೊಡ್ಡ ಅನುಕೂಲ.

ಆದರೆ ದಿನವಹಿ ಇದ್ದರಷ್ಟೇ ಸಾಲದು, ಓದಬಲ್ಲವರೂ ಬೇಕು. ಆ ಓದುಗ ಕರ್ನಲ್. ಅದನ್ನು ಕಟ್ಟುವಾಗ ಫೈಲ್ ಸಿಸ್ಟಂ ಬೆಂಬಲದ ಬಗ್ಗೆ ಮೂರು ಉತ್ತರ ಕೊಡಬಹುದು: ಬೇಡ, ಕರ್ನಲ್‌ನೊಳಗೇ ಇರಲಿ, ಬೇಕಾದಾಗ ಸೇರಿಸಿಕೊಳ್ಳುವ ‘ಮಾಡ್ಯೂಲ್’ ಆಗಿರಲಿ. ಮೂರನೆಯದರಲ್ಲಿ ಒಂದು ಅಪಾಯವಿದೆ. ಮುಖ್ಯ ಡಿಸ್ಕನ್ನು ಓದಲು ಬೇಕಾದ ಮಾಡ್ಯೂಲ್ ಅದೇ ಡಿಸ್ಕಿನಲ್ಲಿದ್ದರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ. ಯಂತ್ರ ಮೇಲೇಳುವುದೇ ಇಲ್ಲ. ಆದ್ದರಿಂದ ಅದನ್ನು ಕರ್ನಲ್‌ನೊಳಗೇ ಇಡಬೇಕು, ಇಲ್ಲವೇ ಆರಂಭದಲ್ಲೇ ಸ್ಮೃತಿಗೆ ಬರುವ ಪುಟ್ಟ ತಾತ್ಕಾಲಿಕ ಕಡತದಲ್ಲಿ ಕಳುಹಿಸಬೇಕು. 2008ರ ಕೊನೆಗೆ ಸಿದ್ಧವಾದ ‘ಎಕ್ಸ್‌ಟಿ4’ನ್ನು ಆರಿಸಿದರೆ ದಿನವಹಿಯ ಭಾಗ ತಾನಾಗಿ ಜೊತೆಗೆ ಬರುತ್ತದೆ. ಎಕ್ಸ್‌ಟಿ3ರ ಪ್ರತ್ಯೇಕ ಭಾಗವನ್ನು 2015ರಲ್ಲಿ ತೆಗೆದುಹಾಕಲಾಯಿತು. ಹಳೆಯ ಡಿಸ್ಕುಗಳನ್ನೂ ಈಗ ಎಕ್ಸ್‌ಟಿ4ರ ಭಾಗವೇ ಓದುತ್ತದೆ.

ಇನ್ನೊಂದು ಆಯ್ಕೆ, ದಿನವಹಿಯಲ್ಲಿ ಏನೇನು ಬರೆಯಬೇಕೆಂಬುದು. ಫೈಲಿನ ವಿಷಯವನ್ನೂ ಬರೆದರೆ ಭದ್ರತೆ ಹೆಚ್ಚು. ಆದರೆ ಎಲ್ಲವನ್ನೂ ಎರಡು ಸಲ ಬರೆಯಬೇಕಾದ್ದರಿಂದ ವೇಗ ಕಡಿಮೆ. ಎಕ್ಸ್‌ಟಿ4ರಲ್ಲಿ ಸಾಮಾನ್ಯವಾಗಿರುವುದು ನಡುವಿನ ದಾರಿ: ವಿಷಯ ಮೊದಲು ತನ್ನ ಜಾಗ ಸೇರುತ್ತದೆ, ಆಮೇಲೆ ಲೆಕ್ಕಪತ್ರದ ಬದಲಾವಣೆ ಮಾತ್ರ ದಿನವಹಿಗೆ.

ಇಲ್ಲೇ ಹಲವರು ಮೋಸಹೋಗುವುದು. ದಿನವಹಿ ಕಾಯುವುದು ಮುಖ್ಯವಾಗಿ ಡಿಸ್ಕಿನ ಲೆಕ್ಕವನ್ನು. ಉಳಿಸುವ ಮೊದಲೇ ಕರೆಂಟು ಹೋಗಿ ಕಳೆದ ಪತ್ರವನ್ನಾಗಲಿ, ತಪ್ಪಿ ಅಳಿಸಿದ ಫೋಟೋವನ್ನಾಗಲಿ ಅದು ತಂದುಕೊಡದು. ಅಳಿಸಿದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಬರೆದುಕೊಂಡಿರುತ್ತದೆ. ಡಿಸ್ಕೇ ಕೆಟ್ಟರೆ ದಿನವಹಿಯೂ ಅದರೊಡನೆ ಹೋಯಿತು. ಬೇಕಾದ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವ ಜವಾಬ್ದಾರಿ ಯಾವ ಕರ್ನಲ್‌ನದೂ ಅಲ್ಲ, ಬಳಸುವವರದೇ.