ಮರಳಿ ಬಂದವರ ನೆನಪು

ಫ್ರಾನ್ಸ್ ದೇಶದ ಭೂಪಟದಲ್ಲಿ ಉತ್ತರದ ಕಡಲಂಚನ್ನು ಅರಸಿದರೆ, ಬೆಲ್ಜಿಯಂ ಗಡಿಗೆ ಸಮೀಪವಾಗಿ ಡಂಕರ್ಕ್ ಎಂಬ ರೇವುಪಟ್ಟಣ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಮೊದಲ ವರ್ಷದಲ್ಲಿಯೇ ಈ ಪಟ್ಟಣದ ಹೆಸರು ಲೋಕಕ್ಕೆಲ್ಲ ಪರಿಚಿತವಾಯಿತು. 1940ರ ಮೇ 10ರಂದು ಜರ್ಮನ್ ಸೈನ್ಯವು ಪಶ್ಚಿಮದ ಕಡೆಗೆ ದಾಳಿಯಿಟ್ಟಿತು. ಹತ್ತೇ ದಿನಗಳಲ್ಲಿ ಅದರ ಟ್ಯಾಂಕ್ ದಳಗಳು ಇಂಗ್ಲಿಷ್ ಕಡಲ್ಗಾಲುವೆಯ ದಡವನ್ನು ಮುಟ್ಟಿದುವು. ಬ್ರಿಟಿಷ್ ಸೈನ್ಯವೂ ಅದರೊಡನಿದ್ದ ಫ್ರೆಂಚ್ ಮತ್ತು ಬೆಲ್ಜಿಯನ್ ಪಡೆಗಳೂ ಮೂರು ಕಡೆ ಶತ್ರು, ಒಂದು ಕಡೆ ಸಮುದ್ರ ಎಂಬ ಇಕ್ಕಟ್ಟಿಗೆ ಸಿಲುಕಿದುವು. ಡೋವರ್ ಕೋಟೆಯ ಕೆಳಗಿನ ಸುರಂಗಗಳಲ್ಲಿದ್ದ ಕಚೇರಿಯಿಂದ ಅಡ್ಮಿರಲ್ ಬರ್ಟ್ರಾಮ್ ರ‍್ಯಾಮ್ಸೆ ಅವರು ಈ ಸೈನಿಕರನ್ನು ಪಾರುಮಾಡುವ ಕಾರ್ಯವನ್ನು ನಡೆಸಿದರು. ನಲವತ್ತೈದು ಸಾವಿರ ಮಂದಿ ಉಳಿದರೆ ಅದೇ ಹೆಚ್ಚೆಂದು ಮೊದಲಿಗೆ ಎಣಿಸಲಾಗಿತ್ತು. ಮೇ 26ರಿಂದ ಜೂನ್ 4ರವರೆಗೆ ಕಡಲು ದಾಟಿ ಇಂಗ್ಲೆಂಡನ್ನು ಸೇರಿದವರ ಸಂಖ್ಯೆ 3,38,226.

ಇತಿಹಾಸ ಗ್ರಂಥಗಳಲ್ಲಿ ಡಂಕರ್ಕಿನ ಪ್ರಕರಣ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಅಷ್ಟು ಮಂದಿಯೂ ತಮ್ಮ ತಮ್ಮ ಮನೆಗೆ ಒಂದೊಂದು ನೆನಪಿನ ಹೊರೆಯನ್ನು ಹೊತ್ತು ತಂದರು. ಆ ನೆನಪುಗಳು ಏನಾದುವು? ಈ ಯುದ್ಧದಲ್ಲಿ ಮಡಿದು, ಸಮಾಧಿಯ ಗುರುತೂ ಉಳಿಯದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಡಂಕರ್ಕಿನ ಸ್ಮಾರಕದಲ್ಲಿ ಕೆತ್ತಿಸಿದ್ದಾರೆ. ಬದುಕಿ ಬಂದವನಿಗೆ ಅಂತಹ ಕಲ್ಲಿಲ್ಲ. ಅವನ ಕಥೆ ಮನೆಯವರ ಬಾಯಲ್ಲಿ ಉಳಿದರೆ ಉಂಟು, ಇಲ್ಲವಾದರೆ ಇಲ್ಲ.

ಬಹುಕಾಲ ಅದು ಬಾಯಲ್ಲಿಯೂ ಉಳಿಯಲಿಲ್ಲ. ದಡ ಸೇರಿದ ಸೈನಿಕರನ್ನು ರೈಲುಗಳಲ್ಲಿ ಒಳನಾಡಿಗೆ ಕಳುಹಿಸಿದಾಗ, ದಾರಿಯ ನಿಲ್ದಾಣಗಳಲ್ಲಿ ಊರಿನ ಹೆಂಗಸರು ಚಹವನ್ನೂ ರೊಟ್ಟಿಯನ್ನೂ ಕೊಟ್ಟು ಉಪಚರಿಸಿದರು. ಜನ ಜಯಘೋಷ ಮಾಡಿದರು. ಸೈನಿಕರಲ್ಲಿ ಅನೇಕರಿಗೆ ಆ ಜಯಘೋಷವೇ ಮುಜುಗರವನ್ನುಂಟುಮಾಡಿತು. ಅವರು ಗೆದ್ದು ಬಂದವರಲ್ಲ, ಹಿಮ್ಮೆಟ್ಟಿ ಬಂದವರು. ಫ್ರಾನ್ಸಿನ ನೆಲದಲ್ಲಿ ಅವರ ಸೈನ್ಯವು ಸುಮಾರು ಎರಡೂವರೆ ಸಾವಿರ ಫಿರಂಗಿಗಳನ್ನೂ ಅರುವತ್ತು ಸಾವಿರಕ್ಕೂ ಮಿಕ್ಕ ವಾಹನಗಳನ್ನೂ ತೊರೆದು ಬಂದಿತ್ತು. ಪಾರುಗಾಣಿಕೆಯಿಂದ ಯುದ್ಧವನ್ನು ಗೆಲ್ಲಲಾಗದೆಂದು ಪ್ರಧಾನಿ ಚರ್ಚಿಲ್ಲರೇ ಜೂನ್ 4ರಂದು ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದರು. ಅದಕ್ಕಿಂತ ಮಿಗಿಲಾದ ನೋವು ಮತ್ತೊಂದಿತ್ತು. ಹಿಂದೆ ಉಳಿದು ಶತ್ರುವನ್ನು ತಡೆದು ನಿಲ್ಲಿಸಿದ ಫ್ರೆಂಚ್ ಮತ್ತು ಬ್ರಿಟಿಷ್ ಸೈನಿಕರಲ್ಲಿ ಸಾವಿರಾರು ಮಂದಿ ಸೆರೆಸಿಕ್ಕಿ ಐದು ವರ್ಷ ಜರ್ಮನರ ಬಂದಿಗಳಾಗಿ ಕಳೆದರು. ಪಕ್ಕದಲ್ಲಿದ್ದ ಗೆಳೆಯ ಬರಲಿಲ್ಲ, ತಾನು ಬಂದೆ ಎಂಬುದನ್ನು ಹೆಂಡತಿ ಮಕ್ಕಳ ಮುಂದೆ ಹೇಳುವುದು ಸುಲಭವಲ್ಲ. ಎಷ್ಟೋ ತಂದೆಯರು ಮಕ್ಕಳಿಗೆ ಹೇಳದುದನ್ನು ಮುಪ್ಪಿನಲ್ಲಿ ಮೊಮ್ಮಕ್ಕಳಿಗೆ ಹೇಳಿದರು. ಮೊಮ್ಮಕ್ಕಳ ಪ್ರಶ್ನೆಯಲ್ಲಿ ವಿಚಾರಣೆಯ ಧಾಟಿ ಇರುವುದಿಲ್ಲವಷ್ಟೆ.

ಹೀಗೆ ತಡವಾಗಿ ಹೊರಬಂದ ನೆನಪನ್ನು ಕಾಪಾಡುವ ಕೆಲಸ ಮನೆಯ ಪೆಟ್ಟಿಗೆಯಿಂದಲೇ ಮೊದಲಾಗುತ್ತದೆ. ಸಂಬಳದ ಲೆಕ್ಕ ಬರೆದ ಸೈನಿಕನ ಕಿರುಪುಸ್ತಕ, 'ಕ್ಷೇಮವಾಗಿದ್ದೇನೆ' ಎಂಬಷ್ಟೇ ಒಕ್ಕಣೆಯ ಅಂಚೆಕಾರ್ಡು, ಟೋಪಿಯ ಬಿಲ್ಲೆ, ಒಂದೆರಡು ಛಾಯಾಚಿತ್ರ: ಬಹುಪಾಲು ಮನೆಗಳಲ್ಲಿ ಉಳಿಯುವುದು ಇಷ್ಟೇ. ವಸ್ತು ತಾನಾಗಿ ಮಾತನಾಡದು. ಛಾಯಾಚಿತ್ರದಲ್ಲಿ ನಿಂತಿರುವ ನಾಲ್ವರು ಯಾರೆಂಬುದು ಅಜ್ಜನೊಬ್ಬನಿಗೇ ತಿಳಿದಿದ್ದರೆ, ಅಜ್ಜನೊಡನೆ ಆ ನಾಲ್ವರೂ ಹೋಗುತ್ತಾರೆ. ಆದುದರಿಂದ ಚಿತ್ರದ ಬೆನ್ನಿನಲ್ಲಿ ಮೆತ್ತನೆಯ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು. ಶಾಯಿ ಕಾಲಕ್ರಮದಲ್ಲಿ ಹರಡಿ ಚಿತ್ರವನ್ನು ಕೆಡಿಸಬಹುದು. ಮುದುಕರನ್ನು ಮಾತಿಗೆಳೆಯುವುದಕ್ಕೂ ಒಂದು ಹದವುಂಟು. 'ಯುದ್ಧದ ವಿಷಯ ಹೇಳಿ' ಎಂದರೆ ಅವರು ಪತ್ರಿಕೆಯಲ್ಲಿ ಓದಿದುದನ್ನೇ ಹೇಳಿಯಾರು. ಆ ದಿನ ಏನು ತಿಂದಿರಿ, ಕಾಲಲ್ಲಿ ಬೂಟು ಇತ್ತೆ, ರಾತ್ರಿ ಎಲ್ಲಿ ಮಲಗಿದಿರಿ, ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದರೆ, ಮರಳಿನ ಮೇಲಿನ ಆ ರಾತ್ರಿ ತಾನಾಗಿ ತೆರೆದುಕೊಳ್ಳುತ್ತದೆ.

ಮನೆಯವರ ಈ ಯತ್ನಕ್ಕೆ ಸಂಸ್ಥೆಗಳೂ ನೆರವಾದುವು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಲ್ಲಿ ಧ್ವನಿಮುದ್ರಣದ ವಿಭಾಗವೊಂದನ್ನು ಆರಂಭಿಸಿ ಸಾಮಾನ್ಯ ಸೈನಿಕರ ಮಾತುಗಳನ್ನೂ ಸಂಗ್ರಹಿಸಿತು. ಬಿ.ಬಿ.ಸಿ. ಸಂಸ್ಥೆಯು 2003ರಿಂದ 2006ರವರೆಗೆ ಆ ಯುದ್ಧಕಾಲದ ಸ್ವಾನುಭವಗಳನ್ನು ಬರೆದು ಕಳುಹಿಸುವಂತೆ ಜನತೆಯನ್ನು ಕೋರಿದಾಗ ಸುಮಾರು 47,000 ಬರಹಗಳು ಬಂದುವು. ಕಂಪ್ಯೂಟರ್ ಬಳಸಲರಿಯದ ವೃದ್ಧರ ಮಾತುಗಳನ್ನು ಸ್ವಯಂಸೇವಕರು ಬರೆದುಕೊಂಡರು. ಕಾಲವಾದರೋ ಕಾಯುತ್ತಿರಲಿಲ್ಲ, ಸದಸ್ಯರೆಲ್ಲರೂ ವಯೋವೃದ್ಧರಾದುದರಿಂದ ಡಂಕರ್ಕಿನ ಮಾಜಿ ಸೈನಿಕರ ಸಂಘವು 2000ದಲ್ಲಿಯೇ ವಿಸರ್ಜನೆಗೊಂಡಿತ್ತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಅನೇಕ ಕುಟುಂಬಗಳಲ್ಲಿ 'ನಮ್ಮ ತಾತನನ್ನು ಸಣ್ಣ ದೋಣಿಯೊಂದು ಇಂಗ್ಲೆಂಡಿಗೆ ತಂದಿತು' ಎಂಬ ಮಾತುಂಟು. ದೋಣಿಗಳು ಬಂದುದು ನಿಜ. ಬೆಸ್ತರ ದೋಣಿಗಳು, ವಿಹಾರದ ನಾವೆಗಳು ಮೊದಲಾದುವು ನೂರಾರು ಸಂಖ್ಯೆಯಲ್ಲಿ ಕಡಲಿಗಿಳಿದುವು. ಅವುಗಳಲ್ಲೆಲ್ಲ ಚಿಕ್ಕದೆನ್ನಲಾದ 'ಟ್ಯಾಮ್‌ಜೀನ್' ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಮರಳದಂಡೆಯಿಂದ ಹತ್ತಿದವರು 98,671 ಮಂದಿ. ಬಂದರಿನಿಂದ ಹೊರಟವರು 2,39,555 ಮಂದಿ. ಬಂದರಿನ ಪೂರ್ವದ ಅಲೆತಡೆಗೋಡೆಯನ್ನು ಹಡಗು ನಿಲ್ಲಿಸುವುದಕ್ಕಾಗಿ ಕಟ್ಟಿರಲೇ ಇಲ್ಲ. ಆದರೂ ಒಂದು ಕಿಲೋಮೀಟರಿಗೂ ಉದ್ದವಾದ ಆ ಗೋಡೆಯ ಮೇಲಣ ಇಕ್ಕಟ್ಟಾದ ಹಲಗೆಯ ಹಾದಿಯಲ್ಲಿ, ಬಾಂಬುಗಳ ನಡುವೆ ಸಾಲುಗಟ್ಟಿ ನಡೆದ ಸೈನಿಕರು ನೌಕಾಪಡೆಯ ಹಡಗುಗಳನ್ನು ಏರಿದರು. ಸಣ್ಣ ದೋಣಿಗಳಾದರೋ ಹೆಚ್ಚಾಗಿ ದಂಡೆಯಿಂದ ಆಳದಲ್ಲಿ ನಿಂತಿದ್ದ ಹಡಗುಗಳವರೆಗೆ ಜನರನ್ನು ಸಾಗಿಸಿದುವು. ಹಾಗಾದರೆ ತಾತ ಸುಳ್ಳು ಹೇಳಿದನೆ? ಇಲ್ಲ. ಕಂಡುದು, ಓದಿದುದು, ಚಲನಚಿತ್ರದಲ್ಲಿ ನೋಡಿದುದು ವರ್ಷಗಳು ಕಳೆದಂತೆ ಒಂದರಲ್ಲೊಂದು ಬೆರೆಯುವುದು ನೆನಪಿನ ಸ್ವಭಾವ. ತಮ್ಮ ವಿಮಾನಪಡೆ ನೆರವಿಗೆ ಬರಲೇ ಇಲ್ಲವೆಂದು ಸೈನಿಕರು ಕೊನೆಯವರೆಗೂ ದೂರುತ್ತಿದ್ದರು. ವಿಮಾನಗಳು ಬಂದಿದ್ದುವು, ಅವು ಹೆಚ್ಚಾಗಿ ದಂಡೆಯಿಂದ ದೂರದಲ್ಲಿ, ಮೋಡಗಳ ಮೇಲೆ ಹೋರಾಡಿದುದರಿಂದ ಕೆಳಗಿದ್ದವರ ಕಣ್ಣಿಗೆ ಬೀಳಲಿಲ್ಲ. ಆ ದೂರು ವಿಮಾನಪಡೆಯ ಇತಿಹಾಸವಲ್ಲದಿರಬಹುದು, ಮರಳಿನಲ್ಲಿ ಬಿದ್ದಿದ್ದವನ ಇತಿಹಾಸವಂತೂ ಹೌದು.

ಆದುದರಿಂದ ಜಾಣರು ಕೇಳಿದುದನ್ನು ಕೇಳಿದಂತೆಯೇ ಬರೆದಿಟ್ಟು, ದಾಖಲೆಯಲ್ಲಿ ದೊರೆತುದನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುತ್ತಾರೆ. ಪ್ರತಿಯೊಂದು ದಳವೂ ಬರೆದಿಡುತ್ತಿದ್ದ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೈನಿಕರ ಸೇವಾದಾಖಲೆಗಳನ್ನೂ 2022ರಿಂದ ಅಲ್ಲಿಗೆ ವರ್ಗಾಯಿಸತೊಡಗಿದರು.

ಎಲ್ಲಕ್ಕಿಂತ ಮರೆವಿಗೆ ಸಂದವರು ಭಾರತೀಯ ಸೈನಿಕರು. 1939ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೇಸರಗತ್ತೆಗಳ ಸಾರಿಗೆಯ ನಾಲ್ಕು ದಳಗಳನ್ನು ಫ್ರಾನ್ಸಿಗೆ ಕಳುಹಿಸಲಾಗಿತ್ತು. ಹಿಮವೂ ಕೆಸರೂ ತುಂಬಿದ ದಾರಿಯಲ್ಲಿ ಮೋಟಾರು ಸಾಗದಿದ್ದರೂ ಹೇಸರಗತ್ತೆ ಸಾಗಬಲ್ಲದಷ್ಟೆ. ದಳದವರಲ್ಲಿ ಬಹುಮಂದಿ ಪಂಜಾಬಿನ ಮುಸಲ್ಮಾನರು. ಕೆಲವು ನೂರು ಮಂದಿ ಡಂಕರ್ಕಿನಿಂದಲೂ ಮತ್ತೆ ಕೆಲವರು ಬೇರೆ ರೇವುಗಳಿಂದಲೂ ಪಾರಾದರು. ಒಂದು ದಳವು ಸೆರೆಸಿಕ್ಕಿತು. ಸಾಕಿ ಸಲಹಿದ ಪ್ರಾಣಿಗಳನ್ನು ಫ್ರಾನ್ಸಿನಲ್ಲಿಯೇ ಬಿಟ್ಟುಬರಬೇಕಾಯಿತು. ಗುಂಡಿನ ಮಳೆಯಲ್ಲಿ ತನ್ನ ಜನರನ್ನೂ ಪ್ರಾಣಿಗಳನ್ನೂ ಕಾಪಾಡಿದ ಜಮಾದಾರ್ ಮೌಲಾ ದಾದ್ ಖಾನನಿಗೆ ಶೌರ್ಯಪದಕ ದೊರೆಯಿತು. 1947ರಲ್ಲಿ ದೇಶ ವಿಭಜನೆಯಾಗಿ ಅವರಲ್ಲಿ ಬಹುತೇಕರ ಊರುಗಳು ಪಾಕಿಸ್ತಾನಕ್ಕೆ ಸೇರಿದುವು. ಬ್ರಿಟಿಷರ ಸಂಬಳ ಉಂಡವರ ಕಥೆ ಎರಡೂ ದೇಶಗಳಿಗೆ ಬೇಕಾಗಲಿಲ್ಲ; ಬ್ರಿಟನ್ನಿಗೂ ಅದರ ನೆನಪು ಉಳಿಯಲಿಲ್ಲ. ಇತಿಹಾಸಕಾರ ಘೀ ಬೋಮನ್ ಅವರು ಪತ್ರಾಗಾರಗಳ ಕಡತಗಳನ್ನೂ ವಂಶಜರ ಮನೆಗಳಲ್ಲಿ ಉಳಿದಿದ್ದ ನೆನಪುಗಳನ್ನೂ ಕೂಡಿಸಿ 2020ರಲ್ಲಿ ಅವರ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಫ್ರಾನ್ಸಿನ ಹಿಮದಲ್ಲಿ ಹೇಸರಗತ್ತೆಯ ಹಗ್ಗ ಹಿಡಿದು ನಿಂತ ಆ ಸೈನಿಕರ ಛಾಯಾಚಿತ್ರಗಳು ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲಿರುವ ಅನೇಕ ಮುಖಗಳ ಕೆಳಗೆ ಹೆಸರಿಲ್ಲ.