ಸೆರೆಮನೆಯೊಳಗಿನ ಶಾಂತಿ



ತಾಯ್ನಾಡಿನಿಂದ ದೂರವಿರುವ ನಮಗೆ ಅಪರಾತ್ರಿಯಲ್ಲಿ ದೂರವಾಣಿ ಮೊಳಗಿದರೆ ಎದೆ ಝಲ್ಲೆನ್ನುತ್ತದೆ. ಊರಿನಲ್ಲಿರುವ ವೃದ್ಧ ತಂದೆತಾಯಿಯರ ಆರೋಗ್ಯ, ಇಲ್ಲಿನ ಉದ್ಯೋಗದ ಅನಿಶ್ಚಿತತೆ, ಮಕ್ಕಳ ಭವಿಷ್ಯ, ಹೀಗೆ ಚಿಂತೆಗೆ ಕಾರಣಗಳು ಒಂದೆರಡಲ್ಲ. ಇಂತಹ ಸ್ಥಿತಿಯಲ್ಲಿ ಕ್ರೈಸ್ತ ವಿಶ್ವಾಸವು ನೀಡುವ ಶಾಂತಿ ಯಾವ ಬಗೆಯದು? ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ ಅವರ ಬದುಕಿನಲ್ಲಿ ಇದಕ್ಕೆ ಉತ್ತರವನ್ನು ಹುಡುಕೋಣ.

1939ರ ಜೂನ್ ತಿಂಗಳಲ್ಲಿ ಅವರು ನ್ಯೂಯಾರ್ಕಿನಲ್ಲಿದ್ದರು. ಹಿಟ್ಲರನ ಆಳ್ವಿಕೆಯಿಂದ ದೂರವಾಗಿ ಅಲ್ಲಿಯೇ ಉಳಿಯುವ ಅವಕಾಶವನ್ನು ಮಿತ್ರರು ಕಲ್ಪಿಸಿದ್ದರು. ದೇಹಕ್ಕೆ ಸುರಕ್ಷತೆಯಿತ್ತು, ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಸ್ವದೇಶದ ಸುದ್ದಿ ಬಾರದೆ ಪರಿತಪಿಸಿದ ಅವರು, ಸಂಕಟದಲ್ಲಿರುವ ತಮ್ಮ ಜನರೊಡನೆ ಇರುವುದೇ ಕರ್ತವ್ಯವೆಂದು ನಿಶ್ಚಯಿಸಿ ಜುಲೈನಲ್ಲಿ ಹಿಂದಿರುಗಿದರು.

1943ರ ಏಪ್ರಿಲ್ 5ರಂದು ಅವರ ಬಂಧನವಾಯಿತು. ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಸುಮಾರು ಒಂದೂವರೆ ವರ್ಷ ಕಳೆದರು. ಅಲ್ಲಿ ದಿನವೂ ಬೈಬಲಿನ ಕೀರ್ತನೆಗಳನ್ನು ಓದುತ್ತಿದ್ದರು. ವಿಮಾನದಾಳಿಯ ವೇಳೆ ಸಹಬಂದಿಗಳಿಗೆ ಧೈರ್ಯ ಹೇಳುತ್ತಿದ್ದರು. 1943ರ ಕ್ರಿಸ್ಮಸ್ ಸಮಯದಲ್ಲಿ ಅವರಿಗಾಗಿ ಪ್ರಾರ್ಥನೆಗಳನ್ನು ರಚಿಸಿಕೊಟ್ಟರು. ಕಂಡವರೆಲ್ಲ ಅವರ ಶಾಂತ ಸ್ವಭಾವಕ್ಕೆ ಬೆರಗಾಗುತ್ತಿದ್ದರು. ಆದರೆ ‘ನಾನು ಯಾರು?’ ಎಂಬ 1944ರ ಕವಿತೆಯಲ್ಲಿ ಅವರೇ ತಮ್ಮ ಒಳಗಿನ ತಳಮಳವನ್ನು ಮರೆಮಾಚದೆ ತೋಡಿಕೊಂಡಿದ್ದಾರೆ. ಕೊನೆಗೆ ಅವರಿಗೆ ಆಸರೆಯಾದದ್ದು ತಾವು ದೇವರಿಗೆ ಸೇರಿದವರೆಂಬ ಭರವಸೆಯೊಂದೇ.

ನಾವು ಗಮನಿಸಬೇಕಾದ ಮರ್ಮ ಇಲ್ಲಿದೆ. ಭಯಪಟ್ಟ ಮಾತ್ರಕ್ಕೆ ನಮ್ಮ ವಿಶ್ವಾಸ ಸುಳ್ಳಾಗುವುದಿಲ್ಲ. ಆ ಭಯವನ್ನು ಯಾರ ಕೈಗೊಪ್ಪಿಸುತ್ತೇವೆ ಎಂಬುದೇ ಮುಖ್ಯ. ಸಂತ ಪೌಲನು ಫಿಲಿಪ್ಪಿಯ ಸಭೆಗೆ ಪತ್ರ ಬರೆದದ್ದೂ ಬಂಧನದಲ್ಲಿದ್ದಾಗಲೇ. ಚಿಂತೆಯನ್ನು ಕೃತಜ್ಞತೆಯೊಡನೆ ದೇವರ ಮುಂದಿಡಿರೆಂಬುದು ಅವನ ಉಪದೇಶ. ಆದ್ದರಿಂದ ಮನೆಮಂದಿಯೆಲ್ಲ ಸಂಜೆ ಹತ್ತು ನಿಮಿಷ ಜೊತೆಗೂಡಿ ಕುಳಿತು, ಆ ದಿನದ ಚಿಂತೆಯನ್ನು ಸ್ಪಷ್ಟವಾಗಿ ಹೇಳಿಕೊಂಡು, ಪಡೆದ ಒಂದು ಉಪಕಾರವನ್ನು ನೆನೆದು, ನಮ್ಮಂತೆಯೇ ಕಳವಳದಲ್ಲಿರುವ ಮತ್ತೊಬ್ಬರಿಗಾಗಿ ಪ್ರಾರ್ಥಿಸೋಣ. ಚಿಂತೆಯು ನಿದ್ರೆ, ಆಹಾರಗಳನ್ನೇ ಕಸಿದುಕೊಂಡರೆ ವೈದ್ಯರನ್ನು ಕಾಣಲು ಹಿಂಜರಿಯಬಾರದು. ಅದು ಅವಿಶ್ವಾಸದ ಲಕ್ಷಣವಲ್ಲ.

ಬಾನ್‌ಹಾಫರ್ ಅವರಿಗೆ ಬಿಡುಗಡೆ ದೊರೆಯಲಿಲ್ಲ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಪ್ರಾರ್ಥನೆ ಸೆರೆಮನೆಯ ಬಾಗಿಲನ್ನು ತೆರೆಯದಿದ್ದರೂ ಒಳಗಿದ್ದವರನ್ನು ಒಂಟಿಯಾಗಿ ಬಿಡಲಿಲ್ಲ. ಮುಂದೊಂದು ರಾತ್ರಿ ದೂರವಾಣಿ ಮೊಳಗಿದಾಗ ನಮ್ಮ ಕೈ ನಡುಗಬಹುದು. ನಡುಗುವ ಆ ಕೈಯನ್ನು ಹಿಡಿಯುವವನಿದ್ದಾನೆಂಬ ಭರವಸೆ ನಮ್ಮೆಲ್ಲರಿಗೂ ಇರಲಿ.