ತಂತ್ರಾಂಶದ ಉನ್ನತೀಕರಣ: ಹಳೆಯ ಕಡತವೋ, ಹೊಸ ಕಡತವೋ?

ದೀಪಾವಳಿಯಂದು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವ ವರ್ತಕರು, ಹಳೆಯ ಪುಸ್ತಕದ ಬಾಕಿಯನ್ನು ಹೊಸದಕ್ಕೆ ತರುವಾಗ ಪ್ರತಿಯೊಂದು ಅಂಕಿಯನ್ನೂ ಎರಡು ಬಾರಿ ನೋಡುತ್ತಾರೆ. ಅದೇ ವರ್ತಕರ ಕಚೇರಿಯಲ್ಲಿ ಗಣಕಯಂತ್ರದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವಾಗ ಮಾತ್ರ, ಪರದೆಯ ಮೇಲೆ ಮೂಡಿದ ಪ್ರಶ್ನೆಯನ್ನು ಓದದೆಯೇ ಗುಂಡಿ ಒತ್ತುವುದುಂಟು. ಆ ಪ್ರಶ್ನೆಯೂ ಬಾಕಿ ತರುವ ಪ್ರಶ್ನೆಯೇ ಆಗಿರುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಒಂದು ಕಿರು ಕಾರ್ಖಾನೆಯ ಕಚೇರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಲಿನಕ್ಸ್ ಆಧಾರಿತ ಒಂದು ಸರ್ವರ್ ಇದೆ; ಲೆಕ್ಕಪತ್ರದ ದತ್ತಾಂಶವನ್ನು ಅದು ಐದಾರು ವಿಂಡೋಸ್ ಗಣಕಗಳಿಗೆ ಸಾಂಬಾ ಎಂಬ ತಂತ್ರಾಂಶದ ಮೂಲಕ ಹಂಚುತ್ತದೆ. ಯಾವ ಗಣಕಕ್ಕೆ ಯಾವ ದತ್ತಾಂಶ, ಯಾರಿಗೆ ಬರೆಯುವ ಅಧಿಕಾರ ಎಂಬುದೆಲ್ಲ ಒಂದು ಸಂರಚನಾ ಕಡತದಲ್ಲಿ ದಾಖಲಾಗಿರುತ್ತದೆ. ಶನಿವಾರ ಸಂಜೆ ಉನ್ನತೀಕರಣ ನಡೆದು, ಆ ಕಡತದ ಜಾಗದಲ್ಲಿ ತಯಾರಕರ ಹೊಸ ಕಡತ ಕುಳಿತರೆ, ಸೋಮವಾರ ಬೆಳಿಗ್ಗೆ ಬಿಲ್ಲು ಮಾಡುವ ಗುಮಾಸ್ತನಿಗೆ ದತ್ತಾಂಶವೇ ಕಾಣಿಸದು. ದತ್ತಾಂಶ ನಾಶವಾಗಿರುವುದಿಲ್ಲ; ಅದರ ಬಾಗಿಲು ಮಾತ್ರ ಮುಚ್ಚಿರುತ್ತದೆ. ಆದರೆ ಬಿಲ್ಲಿಲ್ಲದೆ ಇ-ವೇ ಬಿಲ್ಲಿಲ್ಲ. ₹50,000 ಮೀರಿದ ಸರಕು ಸಾಮಾನ್ಯವಾಗಿ ಅದಿಲ್ಲದೆ ಗೇಟು ದಾಟುವಂತಿಲ್ಲ.

ಸಂಘರ್ಷ ಹುಟ್ಟುವುದು ಹೇಗೆ?

ಡೆಬಿಯನ್ ಹಾಗೂ ಉಬುಂಟು ವ್ಯವಸ್ಥೆಗಳು ಈ ವಿಷಯದಲ್ಲಿ ಅನುಸರಿಸುವ ಕ್ರಮ ಲೆಕ್ಕಿಗರಿಗೆ ಹೊಸದೇನಲ್ಲ. ಉನ್ನತೀಕರಣದ ವೇಳೆ ಮೂರು ಪ್ರತಿಗಳನ್ನು ತಾಳೆ ನೋಡಲಾಗುತ್ತದೆ: ಹಿಂದೆ ತಯಾರಕರು ಕೊಟ್ಟ ಕಡತ, ಈಗ ಕಚೇರಿಯಲ್ಲಿರುವ ಕಡತ, ಹೊಸ ಆವೃತ್ತಿ ತಂದಿರುವ ಕಡತ. ಕಚೇರಿಯಲ್ಲಿ ಯಾರೂ ಏನನ್ನೂ ತಿದ್ದಿಲ್ಲವಾದರೆ ಹೊಸದು ಸದ್ದಿಲ್ಲದೆ ಹಳೆಯದರ ಜಾಗಕ್ಕೆ ಬರುತ್ತದೆ. ಕಚೇರಿಯವರು ತಿದ್ದಿದ್ದು, ತಯಾರಕರು ಬದಲಿಸಿಲ್ಲವಾದರೆ ಕಚೇರಿಯ ಕಡತ ಹಾಗೆಯೇ ಉಳಿಯುತ್ತದೆ. ಇಬ್ಬರೂ ಬದಲಿಸಿದ್ದರೆ ಮಾತ್ರ ವ್ಯವಸ್ಥೆ ನಿಂತು ಪ್ರಶ್ನೆ ಕೇಳುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿಗೂ ಅಂಗಡಿಯ ನಗದು ಪುಸ್ತಕಕ್ಕೂ ತಾಳೆಯಾಗದಿದ್ದಾಗ ಏಳುವ ಪ್ರಶ್ನೆಯಂಥದೇ ಇದು.

ಸಾಮಾನ್ಯವಾಗಿ ‘ವೈ’ ಒತ್ತಿದರೆ ಹೊಸದು, ‘ಎನ್’ ಒತ್ತಿದರೆ ಹಳೆಯದು, ‘ಡಿ’ ಒತ್ತಿದರೆ ಎರಡರ ನಡುವಿನ ವ್ಯತ್ಯಾಸ. ಬರೀ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಕೆಲವು ಕಡತಗಳಿಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ, ಆಯ್ಕೆಗಳ ಪಟ್ಟಿಯಾಗಿ ಬರಬಹುದು. ಸಮಾಧಾನದ ಸಂಗತಿಯೆಂದರೆ, ತಿರಸ್ಕೃತವಾದ ಪ್ರತಿಯನ್ನು ಅಳಿಸದೆ ಬೇರೆ ಹೆಸರಿನಲ್ಲಿ ಪಕ್ಕದಲ್ಲಿಯೇ ಇರಿಸಲಾಗುತ್ತದೆ. ರೆಡ್ ಹ್ಯಾಟ್ ಪರಂಪರೆಯ ವ್ಯವಸ್ಥೆಗಳಲ್ಲಿ ಪ್ರಶ್ನೆಯೇ ಬರುವುದಿಲ್ಲ. ಹೊಸ ಪ್ರತಿಯನ್ನು ‘ಆರ್‌ಪಿಎಂನ್ಯೂ’ ಎಂದೋ, ಹಳೆಯದನ್ನು ‘ಆರ್‌ಪಿಎಂಸೇವ್’ ಎಂದೋ ಬಾಲ ಹಚ್ಚಿ ಉಳಿಸಲಾಗುತ್ತದೆ. ಹುಡುಕಿ ನೋಡದಿದ್ದರೆ ಅವು ಇವೆಯೆಂಬುದೇ ತಿಳಿಯದು.

ಎರಡೂ ದಾರಿಯಲ್ಲಿ ಅಪಾಯ

ಹಾಗಾದರೆ ಯಾವಾಗಲೂ ಹಳೆಯದನ್ನೇ ಉಳಿಸಿಕೊಂಡರೆ ಕ್ಷೇಮವಲ್ಲವೇ ಎಂದು ಕೇಳಬಹುದು. ಅಲ್ಲ. ತಯಾರಕರು ಕಡತ ಬದಲಿಸಿರುವುದಕ್ಕೆ ಕಾರಣವಿರುತ್ತದೆ. ಭದ್ರತೆಯ ಲೋಪವೊಂದನ್ನು ಮುಚ್ಚಲು ಹೊಸ ಸಾಲು ಸೇರಿರಬಹುದು. ಹಳೆಯ ಸಾಲೊಂದನ್ನು ಹೊಸ ಆವೃತ್ತಿ ಒಪ್ಪದೆ ತಂತ್ರಾಂಶವೇ ಪ್ರಾರಂಭವಾಗದಿರಬಹುದು. ಹೊಸದನ್ನು ಒಪ್ಪಿದರೆ ಕಚೇರಿಯ ಏರ್ಪಾಡು ಹೋಗುತ್ತದೆ, ಹಳೆಯದನ್ನು ಉಳಿಸಿದರೆ ತಯಾರಕರ ತಿದ್ದುಪಡಿ ತಪ್ಪುತ್ತದೆ. ಹೊಸ ಕಡತವನ್ನು ಆಧಾರವಾಗಿಟ್ಟುಕೊಂಡು ಕಚೇರಿಯ ಬದಲಾವಣೆಗಳನ್ನು ಒಂದೊಂದಾಗಿ ಅದಕ್ಕೆ ಸೇರಿಸುವುದೇ ಸರಿಯಾದ ಮಾರ್ಗ.

ಇನ್ನೊಂದು ಬಗೆಯ ಸಂಘರ್ಷವೂ ಇದೆ: ಎರಡು ತಂತ್ರಾಂಶಗಳು ಒಂದೇ ಕಡತವನ್ನು ತಮ್ಮದೆನ್ನುವುದು. 1990ರ ದಶಕದ ವಿಂಡೋಸ್‌ನಲ್ಲಿ ಒಂದು ತಂತ್ರಾಂಶ ಹಂಚಿಕೆಯ ಡಿಎಲ್ಎಲ್ ಕಡತವನ್ನು ಬದಲಿಸಿ ಮತ್ತೊಂದನ್ನು ಕೆಡಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. 2000ದಲ್ಲಿ ಬಂದ ವಿಂಡೋಸ್ 2000, ವ್ಯವಸ್ಥೆಯ ಮುಖ್ಯ ಕಡತಗಳಿಗೆ ರಕ್ಷಣೆ ಒದಗಿಸಿತು. ಡೆಬಿಯನ್‌ನಲ್ಲಿ ಇಂಥ ಸಂದರ್ಭ ಬಂದರೆ ಅಳವಡಿಕೆ ಅಲ್ಲಿಗೇ ನಿಲ್ಲುತ್ತದೆ. ಬಲವಂತವಾಗಿ ಮುಂದುವರಿಸುವ ಆಜ್ಞೆಯೂ ಉಂಟು. ಆದರೆ ಕಡತ ಯಾರದೆಂದು ಅರಿಯದೆ ಅದನ್ನು ಬಳಸುವುದು, ತಾಳೆಯಾಗದ ಖಾತೆಗೆ ಅನಾಮತ್ತು ಬರೆದು ಮುಗಿಸಿದಂತೆ.

ಕಾನೂನಿನ ದೃಷ್ಟಿ

ಇದು ಕೇವಲ ತಂತ್ರಜ್ಞರ ವಿಷಯವಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗಬೇಕು, ಅದನ್ನು ನಿಷ್ಕ್ರಿಯಗೊಳಿಸುವಂತಿರಬಾರದು. ಕಂಪನಿಗಳು ಲೆಕ್ಕ ಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕು. ಜಿಎಸ್‌ಟಿ ಕಾನೂನಿನಡಿ ನೋಂದಾಯಿತರು ವಾರ್ಷಿಕ ವಿವರಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳವರೆಗೆ ದಾಖಲೆ ಇರಿಸಬೇಕು. ಅನೇಕ ಲೆಕ್ಕಪತ್ರ ತಂತ್ರಾಂಶಗಳಲ್ಲಿ ಹೊಸ ಆವೃತ್ತಿಗೆ ಏರಿಸಿದ ದತ್ತಾಂಶವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲಾಗದು. ಆದುದರಿಂದ ಮೊದಲೇ ತೆಗೆದ ಪ್ರತಿಯೊಂದೇ ಹಿಂದಿರುಗುವ ದಾರಿ.

ಪಾಲಿಸಬೇಕಾದ ಕ್ರಮ

ಮೊದಲನೆಯದಾಗಿ, ತಯಾರಕರ ಕಡತಗಳಲ್ಲಿ ಏನನ್ನು, ಯಾವಾಗ, ಯಾರು, ಏಕೆ ತಿದ್ದಿದರು ಎಂಬುದಕ್ಕೆ ಒಂದು ರಿಜಿಸ್ಟರ್ ಇರಲಿ. ಎರಡನೆಯದಾಗಿ, ಉನ್ನತೀಕರಣಕ್ಕೆ ಮುನ್ನ ದತ್ತಾಂಶ ಮತ್ತು ಸಂರಚನಾ ಕಡತ ಎರಡರ ಪ್ರತಿಯನ್ನೂ ಬೇರೆಡೆ ತೆಗೆದಿರಿಸಿ, ಅದು ತೆರೆಯುವುದೆಂದು ಪರೀಕ್ಷಿಸತಕ್ಕದ್ದು. ಮೂರನೆಯದಾಗಿ, ಸಾಧ್ಯವಿದ್ದಲ್ಲಿ ಮೊದಲು ಬೇರೊಂದು ಗಣಕದಲ್ಲಿ ಪ್ರಯೋಗಿಸಿ, ಒಂದು ಬಿಲ್ಲು ಮುದ್ರಿಸಿ, ಬಿಲ್ಲಿನ ಕ್ರಮಸಂಖ್ಯೆ, ತೆರಿಗೆ ದರ, ಮೊತ್ತಗಳನ್ನು ನೋಡಬೇಕು. ನಾಲ್ಕನೆಯದಾಗಿ, ಕೆಲಸ ಮುಗಿದ ಮೇಲೆ ಪಕ್ಕಕ್ಕಿಟ್ಟ ಪ್ರತಿಗಳನ್ನು ಹುಡುಕಿ ತಾಳೆ ನೋಡಿ, ತೀರ್ಮಾನವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

2025ರ ಸೆಪ್ಟೆಂಬರ್ 22ರಂದು ಹಲವಾರು ಸರಕುಗಳ ಜಿಎಸ್‌ಟಿ ದರ ಬದಲಾದಂತೆ, ಮುಂದೆಯೂ ನಿಗದಿತ ದಿನಾಂಕದೊಳಗೆ ತಂತ್ರಾಂಶವನ್ನು ಸಜ್ಜುಗೊಳಿಸಬೇಕಾದ ಸಂದರ್ಭಗಳು ಬಂದೇ ಬರುತ್ತವೆ. ಆಗ ಗುಂಡಿ ಒತ್ತುವುದು ತಂತ್ರಜ್ಞನ ಕೈ. ಯಾವ ಗುಂಡಿಯೆಂದು ನಿರ್ಧರಿಸಬೇಕಾದವರು ಮಾಲೀಕರು. ರಿಜಿಸ್ಟರ್ ಇದ್ದಲ್ಲಿ ಆ ನಿರ್ಧಾರ ಹತ್ತು ನಿಮಿಷದ ಮಾತು. ಇಲ್ಲದಿದ್ದಲ್ಲಿ ಸೋಮವಾರದ ವ್ಯಾಪಾರವೇ ಅದರ ಬೆಲೆಯಾದೀತು.